ಸಾಹೇಬರು ಏಳುವ ತನಕ

ಹೊಸಪೇಟೆಯಲ್ಲಿ ಅದಿರು ಸಾಗಿಸುವ ಲಾರಿ ಕಂಪನಿಯೊಂದರ ಆಫೀಸಿನಲ್ಲಿ ನಾನು ಬಹಳ ವರ್ಷ ಗುಮಾಸ್ತನಾಗಿದ್ದೆ. ಕೆಲಸ ಸಂಜೆ ಐದೂವರೆಗೆ ಮುಗಿಯಬೇಕು. ಆದರೆ ಮ್ಯಾನೇಜರ್ ಸಾಹೇಬರು ತಮ್ಮ ಕೋಣೆಯಿಂದ ಏಳುವ ತನಕ ನಮ್ಮಲ್ಲಿ ಯಾರೂ ಟಿಫನ್ ಚೀಲ ಮುಟ್ಟುತ್ತಿರಲಿಲ್ಲ. ಅವರು ಏಳುತ್ತಿದ್ದುದು ಎಂಟರ ಸುಮಾರಿಗೆ.

ಇಲ್ಲದ ಕೆಲಸವನ್ನು ಮಾಡುತ್ತ ಕೂರುವುದು ಇರುವ ಕೆಲಸಕ್ಕಿಂತ ಕಷ್ಟ. ನಾನು ಕಂಪ್ಯೂಟರಿನ ಪರದೆಯ ಮೇಲಿನ ಪಟ್ಟಿಯನ್ನು ಮೇಲಕ್ಕೂ ಕೆಳಕ್ಕೂ ಸರಿಸುತ್ತ, ಹುಬ್ಬು ಗಂಟಿಕ್ಕಿ ಕೂರುತ್ತಿದ್ದೆ. ಪಕ್ಕದ ಕ್ಯಾಷಿಯರ್ ಮೇಜಿನ ಕೆಳಗೆ ಫೋನಿಟ್ಟು ದನಿಯಿಲ್ಲದ ಕ್ರಿಕೆಟ್ ನೋಡುತ್ತ, ವಿಕೆಟ್ ಬಿದ್ದಾಗ ಕೆಮ್ಮುತ್ತಿದ್ದ. ನಡುವೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ತರಿಸಿ ತಿಂದು, "ಇವತ್ತು ಭಾಳ ಕೆಲ್ಸ" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದೆವು.

ಇಂಥ ಆಫೀಸಿಗೆ ದಿನಾ ಕಂಪ್ಲಿಯಿಂದ ಬಸ್ಸಿನಲ್ಲಿ ಬರುವ ಹುಡುಗಿಯೊಬ್ಬಳು ಸೇರಿದಳು. ಮೊದಲ ದಿನವೇ ಐದೂವರೆಗೆ ಎದ್ದು, ಕೋಣೆಯ ಬಾಗಿಲಲ್ಲಿ ನಿಂತು, "ಸರ, ಟೈಮ್ ಆತ್ರಿ, ಬರ್ತೀನ್ರಿ" ಎಂದು ನಡೆದೇಬಿಟ್ಟಳು. ಕ್ಯಾಷಿಯರ್ ವಿಕೆಟ್ ಬೀಳದೆಯೂ ಕೆಮ್ಮಿದ.

ಮರುದಿನವೂ ಹಾಗೆಯೇ, ಅದರ ಮರುದಿನವೂ. ಅವಳು ಹೋಗುವುದಕ್ಕಿಂತ, ನಾಚಿಕೆಯಿಲ್ಲದೆ ಹೋಗುವುದು ನಮಗೆ ಚುಚ್ಚುತ್ತಿತ್ತು. ಹಿರಿಯನೆಂದು ನಾನೇ ಬುದ್ಧಿ ಹೇಳಲು ಹೋದೆ.

"ನೋಡವಾ, ಸಾಹೇಬ್ರು ಕುಂತಾಗ ನಾವ್ ಎದ್ದು ಹೋದ್ರ ಚಲೋ ಕಾಣ್ಸಂಗಿಲ್ಲ."

"ನನ್ನ ಕೆಲ್ಸ ಏನರ ಬಾಕಿ ಐತೇನ್ರಿ ಅಣ್ಣಾ?"

"ಇಲ್ಲವಾ."

"ಮತ್ತ ಕುಂತು ಏನ್ ಮಾಡ್ಲಿ? ನೀವ್ ಏನ್ ಮಾಡ್ತೀರಿ?"

ನಾನು ನನ್ನ ಕುರ್ಚಿಗೆ ಮರಳಿ, ಹುಬ್ಬು ಗಂಟಿಕ್ಕಿ, ಮತ್ತೆ ಪಟ್ಟಿ ಸರಿಸತೊಡಗಿದೆ.

ಕೊನೆಗೆ ಕ್ಯಾಷಿಯರ್ ದೂರು ಕೊಟ್ಟ. ಸಾಹೇಬರು ಎಲ್ಲರನ್ನೂ ಕೋಣೆಗೆ ಕರೆಸಿದರು. ಅವಳು ಹೆದರದೆ ಕೇಳಿದಳು: "ಐದೂವರಿ ಆದ್ಮ್ಯಾಲೆ ಏನ್ ಕೆಲ್ಸ ಐತಿ ಹೇಳ್ರಿ ಸರ. ಕುಂತು ಮಾಡ್ತೀನಿ."

ಸಾಹೇಬರು ನಮ್ಮ ಕಡೆ ನೋಡಿದರು. ನಾವು ಫ್ಯಾನಿನ ಕಡೆ ನೋಡಿದೆವು.

"ಕೆಲ್ಸ ಏನಿಲ್ಲವಾ," ಎಂದರು ಮೆಲ್ಲಗೆ. "ಇವ್ರೆಲ್ಲಾ ಅಷ್ಟೊತ್ತನಕ ದುಡೀತಾರಲ್ಲ, ಬಿಟ್ಟು ಹ್ಯಾಂಗ್ ಹೋಗೂದು ಅಂತ ನಾನೂ ಕುಂದರ್ತೀನಿ. ಮನ್ಯಾಗ ದಿನಾ ಬೈಸ್ಕೊಳ್ತೀನಿ."

"ಹಂಗಾದ್ರ ಎಲ್ಲಾರೂ ಮನಿಗೆ ಹೋಗ್ರಲ್ಲ!" ಎಂದಳು ಅವಳು.

ಅಂದು ಐದೂವರೆಗೇ ಆಫೀಸಿಗೆ ಬೀಗ ಬಿತ್ತು. ಬಿಸಿಲಿರುವಾಗಲೇ ಮನೆಗೆ ಬಂದ ನನ್ನನ್ನು ಕಂಡು ಹೆಂಡತಿ ಗಾಬರಿಯಾಗಿ ಹಣೆ ಮುಟ್ಟಿ ನೋಡಿದಳು. "ಯಾಕ್ರಿ, ಆರಾಮಿಲ್ಲೇನು?" ಒಳಗೆ ಓಣಿಯ ಹೆಂಗಸರೆಲ್ಲ ಟಿವಿ ಮುಂದೆ ಕೂತಿದ್ದರು. ನನಗೆ ಜ್ವರವಿಲ್ಲವೆಂದು ಖಾತ್ರಿಯಾದ ಮೇಲೆ, "ಹಂಗಾದ್ರ ಎಲ್ಲ್ಯಾದ್ರೂ ಅಡ್ಡಾಡಿ ಬರ್ರಿ. ಅಡಿಗಿ ಇನ್ನಾ ತಡ ಐತಿ" ಎಂದಳು.

ಬಸ್ ಸ್ಟ್ಯಾಂಡಿನ ಹತ್ತಿರದ ಚಹಾದಂಗಡಿಗೆ ಹೋದೆ. ಕ್ಯಾಷಿಯರ್ ಆಗಲೇ ಅಲ್ಲಿದ್ದ. ಸ್ವಲ್ಪ ಹೊತ್ತಿಗೆ ಸಾಹೇಬರ ಸ್ಕೂಟರೂ ಬಂದು ನಿಂತಿತು. ಅವರು ಎಂದಿನಂತೆ ತಡವಾಗಿಯೇ ಬರುತ್ತಾರೆಂದು ನಂಬಿ ಅವರ ಹೆಂಡತಿ ಮನೆಗೆ ಬೀಗ ಹಾಕಿ ತವರಿನವರನ್ನು ನೋಡಲು ಹೋಗಿದ್ದರಂತೆ.

"ಇನ್ಮ್ಯಾಲೆ ಜಲ್ದಿ ಬರ್ತೀನಿ ಅಂತ ಈಗ್ಲೇ ಹೇಳಿಬಿಡ್ತೀನಿ," ಎಂದು ಅವರು ಫೋನ್ ತೆಗೆದರು.

"ಹೇಳಬ್ಯಾಡ್ರಿ ಸರ," ಎಂದ ಕ್ಯಾಷಿಯರ್. "ಹೇಳಿದ್ರ ದಿನಾ ಕಾಯಿಪಲ್ಲೆ ತರಾಕ ಕಳಸ್ತಾರ."

ಸಾಹೇಬರು ಒಂದು ಗಳಿಗೆ ಯೋಚಿಸಿ, ಫೋನನ್ನು ಜೇಬಿಗೆ ಇಳಿಸಿದರು.