ಮಗನಿಗೆಂದು ಹಿಡಿದಿಟ್ಟ ಕುರ್ಚಿ

ನಮ್ಮತ್ತೆಗೆ ಎಡಗಿವಿ ಕೇಳುತ್ತಿರಲಿಲ್ಲ. ಯಾರಾದರೂ ಕರೆದರೆ ಕತ್ತಷ್ಟೇ ತಿರುಗಿಸದೆ, ಸೊಂಟದ ಮೇಲಿನ ಮೈಯನ್ನೆಲ್ಲ ಸಂದಿಯಲ್ಲಿ ಲಾರಿ ಹೊರಳಿಸಿದಂತೆ ಹೊರಳಿಸಿ, ಬಲಗಿವಿಗೆ ಅಂಗೈ ಹಿಡಿದು ನಿಲ್ಲುತ್ತಿದ್ದರು. ತನಗೆ ಕೇಳದ ಮೇಲೆ ಊರಿಗೂ ಕೇಳುವುದಿಲ್ಲ ಎಂದುಕೊಂಡಿದ್ದರೋ ಏನೋ, ಅವರು ಪಿಸುಗುಟ್ಟಿದರೂ ಮರಿಯಮ್ಮನಹಳ್ಳಿಯ ನಮ್ಮ ಓಣಿಗೆಲ್ಲ ಕೇಳುತ್ತಿತ್ತು.

ಅಂಥವರು ಒಂದು ವಿಷಯದ ಬಗ್ಗೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಅವರ ಮಗ, ಅಂದರೆ ನನ್ನ ಗಂಡ, ಕುಡಿಯುತ್ತಿದ್ದರು. "ಲಾರಿ ಹೊಡದು ದಣದಾನ, ಮಲಗ್ಲಿ ಬಿಡು," ಎಂದು ಮಗನ ಬಾಯಿ ಒರೆಸಿ ಚಾದರ ಹೊದಿಸುತ್ತಿದ್ದರು. ನಾನು ಹೇಳಿ ಹೇಳಿ ಸಾಕಾಗಿದ್ದೆ. ಒಂದು ಮಧ್ಯಾಹ್ನ ಗಾದಿಗನೂರಿನ ಹತ್ತಿರ ಇವರು ಅದಿರು ತುಂಬಿದ ಲಾರಿಯನ್ನು ರಸ್ತೆ ಬಿಟ್ಟು ಹೊಲಕ್ಕಿಳಿಸಿದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಲಾರಿ ನಿಂತ ಜಾಗದ ಮುಂದೆಯೇ ಕಡಲೆ ಕೀಳುವ ಹೆಣ್ಣುಮಕ್ಕಳು ಕೂತಿದ್ದರು. ಅತ್ತೆ ಅಲ್ಲಿಗೆ ಹೋಗಿ ಅವರನ್ನು ನೋಡಿ ಬಂದರು. ಅವತ್ತು ಮಗನಿಗೆ ಚಾದರ ಹೊದಿಸಲಿಲ್ಲ.

ಆಸ್ಪತ್ರೆಯ ಡಾಕ್ಟರು ಮಾತ್ರೆ ಬರೆದುಕೊಟ್ಟು, ಹೊಸಪೇಟೆಯಲ್ಲಿ ಭಾನುವಾರ ಒಂದು ಮೀಟಿಂಗ್ ನಡೆಯುತ್ತದೆ, ಕುಡಿತ ಬಿಟ್ಟವರೂ ಬಿಡಬೇಕೆನ್ನುವವರೂ ಕೂತು ಮಾತಾಡುತ್ತಾರೆ, ಹೋಗಿ ಎಂದರು. ಎಲ್ಲಿ ಎಂದರೆ, ಯಾವುದೋ ಶಾಲೆ. ಹೊಸಪೇಟೆಯಲ್ಲಿ ಶಾಲೆಗಳಿಗೇನು ಕಡಿಮೆಯೆ? ಇಂಟರ್ನೆಟ್ಟಿನಲ್ಲಿ ಸಿಕ್ಕ ನಂಬರಿಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ವಿಚಾರಿಸಿಕೊಂಡು ಹೋಗೋಣ, ತಡೆಯಿರಿ ಎಂದೆ. ಅತ್ತೆ ತಡೆಯುವ ಪೈಕಿಯವರಲ್ಲ. ಆ ಭಾನುವಾರ ನನಗೆ ಹೇಳದೆ ಮಗನನ್ನು ಕಂಪ್ಲಿಗೆ ಎಳೆದೊಯ್ದರು. ಅಲ್ಲಿ ಯಾರೋ ಸೊಪ್ಪಿನ ರಸ ಕುಡಿಸುತ್ತಾರಂತೆ. ಅತ್ತೆಯೂ ರುಚಿ ನೋಡಿದ್ದರಿಂದ ಇಬ್ಬರೂ ವಾಂತಿ ಮಾಡಿಕೊಂಡು ಬಂದರು.

"ಡಾಕ್ಟರು ಹೇಳಿದ್ದು ಹೊಸಪೇಟಿ, ಅತ್ತಿ."

"ಹೊಸಪೇಟಿಗೂ ಕಂಪ್ಲಿಗೂ ಏನ್ ಭಾಳ ದೂರ ಐತೇನು?"

ಮುಂದಿನ ವಾರ ನಾನೂ ಹೊರಟೆ. ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಇಳಿದದ್ದೇ ತಡ, ಅತ್ತೆ ಹೂವಿನವಳ ಮುಂದೆ ನಿಂತು, "ಯವ್ವಾ, ನನ್ನ ಮಗ ಕುಡೀತಾನ. ಬಿಡಸೋ ಮೀಟಿಂಗ್ ಎಲ್ಲೈತಿ?" ಎಂದರು. ಬಳ್ಳಾರಿ ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಬಂದವು. ನನ್ನ ಗಂಡ ಕಂಬದ ಹಿಂದೆ ಹೋದರು. ನನಗೂ ಹೋಗಬೇಕೆನಿಸಿತು, ಆದರೆ ಅಲ್ಲಿದ್ದದ್ದು ಒಂದೇ ಕಂಬ.

ಯಾರೋ ಹೇಳಿದ ಶಾಲೆಗೆ ಹೋದರೆ ಬೀಗ. ಇನ್ನೊಂದು ಕಡೆ ಮಹಿಳಾ ಸಂಘದ ಮೀಟಿಂಗ್ ನಡೆದಿತ್ತು. ಅತ್ತೆ ಅಲ್ಲಿ ಕೂತು ಉಪ್ಪಿಟ್ಟು ತಿಂದರು. ದಾರಿಯಲ್ಲಿ ಒಬ್ಬ ನಗುತ್ತ ಎದುರಿನ ಬಾರ್ ತೋರಿಸಿದ. "ಕುಡಿಯೋರ ಮೀಟಿಂಗ್ ಅಲ್ಲೇ, ಅಜ್ಜಿ." ನಾನು ಕೈ ಹಿಡಿದೆಳೆಯುವಷ್ಟರಲ್ಲಿ ಅತ್ತೆ ಬಾರಿನ ಕೌಂಟರ್ ಮುಟ್ಟಿದ್ದರು. ಕ್ಯಾಶಿಯರ್ ನಗಲಿಲ್ಲ. ಎದ್ದು ನಿಂತು ಹೇಳಿದ: "ನಮ್ಮ ಹಳೇ ಗಿರಾಕಿ ಒಬ್ರು ಅಲ್ಲಿಗೆ ಹೋಗ್ತಾರ್ರಿ. ಕಾಲುವಿ ದಾಟಿದ ಮ್ಯಾಲೆ ಸಣ್ಣ ಸಾಲಿ ಐತಿ, ಮ್ಯಾಲಿನ ರೂಮು. ಜಲ್ದಿ ಹೋಗ್ರಿ."

ಗೇಟಿನಲ್ಲಿ ನನ್ನ ಗಂಡ ನಿಂತುಬಿಟ್ಟರು. "ನಾ ಅಂಥಾ ಕುಡುಕ ಅಲ್ಲ. ನೀವ ಹೋಗ್ರಿ."

ಅತ್ತೆ ಹೋಗಿಯೇಬಿಟ್ಟರು. ಹಿಂದೆ ನಾನು. ಮೇಲೆ ದುಂಡಗೆ ಹಾಕಿದ ಕುರ್ಚಿಗಳು, ಒಂದು ಚಹಾದ ಕೆಟಲು. ಬಾಗಿಲಲ್ಲಿದ್ದವರು ಮೆತ್ತಗೆ ಹೇಳಿದರು: "ಅವ್ವಾ, ಇದು ಕುಡಿಯೋರಿಗೆ. ಮನಿಯವ್ರು ಕೆಳಗ ಕುಂದ್ರಬೇಕ್ರಿ."

"ಅವ ಬರೋತನ ಅವನ ಜಾಗ ಹಿಡದಿರ್ತೀನಿ," ಎಂದ ಅತ್ತೆ, ಬಸ್ಸಿನ ಸೀಟಿಗೆ ಹಾಸುವಂತೆ ಒಂದು ಕುರ್ಚಿಗೆ ಟವೆಲ್ ಹಾಸಿ ಪಕ್ಕದ್ದರಲ್ಲಿ ಕೂತರು. ಬಾಗಿಲಲ್ಲಿದ್ದವರು ಉಳಿದವರನ್ನು ಕೇಳಿ, ಇಲ್ಲಿ ಕೇಳಿದ್ದನ್ನು ಹೊರಗೆ ಹೇಳಬಾರದು ಎಂದು ಅತ್ತೆಯಿಂದ ಮಾತು ತೆಗೆದುಕೊಂಡು, ಕೂರಲು ಬಿಟ್ಟರು. ನಾನು ಕೆಳಗಿಳಿದು ಬಂದೆ.

ಅತ್ತೆ ಮಾತು ಉಳಿಸಿಕೊಂಡರು. ನನಗೆ ಅದೇ ತಡೆಯಲಾಗಲಿಲ್ಲ. ನಾನು ಬೇಯಿಸಿದ ಸಾರಿಗೆ ಉಪ್ಪು ಹೆಚ್ಚಾದರೂ ಓಣಿಗೆ ಸಾರುವ ಬಾಯಿ, "ಏನ್ ಮಾತಾಡ್ತಾರ ಅತ್ತಿ?" ಎಂದರೆ, "ಅಲ್ಲಿದ್ದು ಅಲ್ಲೇ," ಎನ್ನುತ್ತಿತ್ತು. ವಾರ ವಾರವೂ ಅತ್ತೆ ಮೇಲೆ, ಮಗ ಎದುರಿನ ಚಹಾದಂಗಡಿಯಲ್ಲಿ ಮುಖ ಗಂಟಿಕ್ಕಿಕೊಂಡು. ಕುಡಿಯದವರು ಮೀಟಿಂಗಿಗೆ, ಕುಡಿಯುವವರು ಚಹಾಕ್ಕೆ. ಯಾವ ಜನ್ಮದ ಕರ್ಮ ಎಂದು ನಾನು ಗೊಣಗುತ್ತಿದ್ದೆ.

ಕೊನೆಗೆ ಇವರಿಗೆ ಅನುಮಾನ ಬಂತು. ಅವ್ವ ಮೇಲೆ ಕೂತು ತನ್ನ ಮಾನ ಹರಾಜು ಹಾಕುತ್ತಿದ್ದಾಳೆ ಎಂದು ಸಿಟ್ಟಿನಿಂದ ಮೆಟ್ಟಿಲು ಹತ್ತಿದರು. ನೋಡಿದರೆ ಅವ್ವ ಕತ್ತು ವಾಲಿಸಿ, ಬಾಯಿ ತೆರೆದು ನಿದ್ದೆ ಹೋಗಿದ್ದಾರೆ. ಒಂದು ಕೈ ಖಾಲಿ ಕುರ್ಚಿಯ ಟವೆಲ್ಲಿನ ಮೇಲಿದೆ. ನರೆಗೂದಲಿನ ಒಬ್ಬರು ಕುಡಿತದಿಂದ ಕೆಲಸ ಕಳೆದುಕೊಂಡ ಕತೆಯನ್ನು, ಮುದುಕಿಗೆ ಎಚ್ಚರವಾಗದಂತೆ, ತಗ್ಗಿದ ದನಿಯಲ್ಲಿ ಹೇಳುತ್ತಿದ್ದಾರೆ. ಇವರು ಬಾಗಿಲಲ್ಲಿ ನಿಂತೇ ಇದ್ದರು. ಯಾರೂ ಕರೆಯಲಿಲ್ಲ. ಆಮೇಲೆ ಟವೆಲ್ ಸರಿಸಿ ಕೂತರು. ಅತ್ತೆ ಕಣ್ಣು ಬಿಟ್ಟು, "ಬಂದ್ಯಾ?" ಎಂದವರೇ ಎದ್ದು ಕೆಳಗೆ ಬಂದರು. ಇದನ್ನೆಲ್ಲ ಇವರೇ ಎಷ್ಟೋ ತಿಂಗಳ ಮೇಲೆ ನನಗೆ ಹೇಳಿದ್ದು.

ಅಲ್ಲಿಂದ ಎಲ್ಲ ನೆಟ್ಟಗಾಯಿತು ಅಂತಲ್ಲ. ಬಿಟ್ಟಿದ್ದವರು ಸಂಡೂರಿನ ಒಂದು ಮದುವೆಯಲ್ಲಿ ಮತ್ತೆ ಕುಡಿದರು. ಅತ್ತೆ ಬೈಯಲೂ ಇಲ್ಲ, ಮುಚ್ಚಿಡಲೂ ಇಲ್ಲ. ಭಾನುವಾರ ಇಸ್ತ್ರಿ ಮಾಡಿದ ಅಂಗಿ ತಂದು ಮುಂದಿಟ್ಟರು.

ಈ ಬೇಸಿಗೆಯಲ್ಲಿ ಅತ್ತೆ ಜ್ವರ ಬಂದು ತೀರಿಕೊಂಡರು. ಹೂಳಲು ಕುಣಿ ತೋಡುವವರಿಗೆ ಬಾಟಲಿ ಕೊಡಬೇಕು, ಮಗನೇ ತರಬೇಕು ಎಂದರು ಹಿರಿಯರು.

"ಊಟ ಹಾಕ್ತೀನಿ ಕಾಕಾ. ಅದನ್ನ ತರಂಗಿಲ್ಲ."

"ಪದ್ಧತಿ ಐತಪಾ."

"ಇರ್ಲಿ," ಎಂದು ಇವರು ಗುದ್ದಲಿ ತೆಗೆದುಕೊಂಡು ತಾವೇ ಕುಣಿಗಿಳಿದರು. ಮಗ ಹೀಗೆ ಮಾಡಬಾರದು ಎಂದು ಜನ ಗೊಣಗಿದರು. ಸ್ವಲ್ಪ ಹೊತ್ತು ನೋಡಿ, ತೋಡುವವರೂ ಒಬ್ಬೊಬ್ಬರಾಗಿ ಇಳಿದರು.

ಅತ್ತೆ ನನ್ನ ಮಾತನ್ನು ಒಂದು ದಿನವೂ ಕೇಳಿದವರಲ್ಲ. ಕಂಪ್ಲಿಯ ಸೊಪ್ಪಿನ ರಸ ನೆನೆದರೆ ಈಗಲೂ ಮೈ ಉರಿಯುತ್ತದೆ. ಆದರೆ ಅಪ್ಪನ ಚಪ್ಪಲಿಯ ಸದ್ದು ಕೇಳಿದರೆ ಮೊದಲು ಹಿತ್ತಿಲಿಗೆ ಓಡುತ್ತಿದ್ದ ನನ್ನ ಮಗಳು, ಈಗ ಬಾಗಿಲಿಗೆ ಓಡುತ್ತಾಳೆ. ಅಷ್ಟನ್ನು ಮಾಡಿ ಹೋದವರ ಮೇಲೆ ಎಷ್ಟು ಅಂತ ಸಿಟ್ಟು ಮಾಡುವುದು?