ಲೈಟ್ ಕೊಟ್ಟ ಮೇಲೆ

ನನ್ನ ಗಂಡ ಹೈವೇ ದಾಟಲು ಬಾರದ ದಡ್ಡ, ಎದುರಿಗೆ ಗಾಡಿ ಬರುವುದನ್ನು ನೋಡಿಕೊಂಡೇ ಸೈಕಲ್ ನುಗ್ಗಿಸಿದ ಎಂದು ಆಲೂರು ಸಂತೆಯಲ್ಲಿ ಆಡಿಕೊಂಡವರಿದ್ದಾರೆ. ಪೊಲೀಸರ ಕಾಗದದಲ್ಲೂ ಹೆಚ್ಚುಕಡಿಮೆ ಹಾಗೇ ಇದೆ. ಸಂತೆಯ ಬಾಯಿಗೆ ಬೀಗ ಹಾಕಲು ನನ್ನಿಂದಾಗದು. ಆದರೆ ನಮ್ಮವರು ದಡ್ಡರಲ್ಲ, ಸಾಯಲು ಹೊರಟವರೂ ಅಲ್ಲ. ಬೇರೆ ರಸ್ತೆಯಲ್ಲಿ ಸೈಕಲ್ ಹೊಡೆದು ಅಭ್ಯಾಸವಾದವರು, ಅಷ್ಟೇ. ಇದನ್ನು ತಿಳಿಸಿ ಹೇಳಬೇಕೆಂದರೆ ನಮ್ಮ ಕಡೆಯ ರಸ್ತೆಗಳನ್ನೂ ಅವುಗಳ ಮೇಲೆ ಗಾಡಿ ಓಡಿಸುವವರನ್ನೂ ಸ್ವಲ್ಪ ಪರಿಚಯ ಮಾಡಿಕೊಡಬೇಕು.

ನನ್ನ ತವರು ಕೆ. ಹೊಸಕೋಟೆ. ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟ ಸೈಕಲ್ಲನ್ನು ನನ್ನ ಜೊತೆಯ ಹುಡುಗಿಯರು ಅಣ್ಣತಮ್ಮಂದಿರ ಕೈಗೆ ಕೊಟ್ಟು ಸುಮ್ಮನಾದರು. ನಾನು ಕೊಡಲಿಲ್ಲ. ಆಲೂರು ಬಸ್ಸಿನ ಡ್ರೈವರ್ ಹಿಂದಿನಿಂದ ಬಂದು ಕಿವಿಯ ಪಕ್ಕದಲ್ಲೇ ಹಾರ್ನ್ ಒತ್ತುತ್ತಿದ್ದ. ನಾನು ಬೆಚ್ಚಿಬಿದ್ದು ಜೋಳದ ಹೊಲಕ್ಕೆ ಇಳಿದುಬಿಡುತ್ತಿದ್ದೆ. ಕಂಡಕ್ಟರ್ ಬಾಗಿಲಲ್ಲಿ ನೇತಾಡಿಕೊಂಡು, "ಏನವ್ವಾ, ರೋಡು ನಿಮ್ಮಪ್ಪಂದಾ?" ಎನ್ನುತ್ತಿದ್ದ. "ನಿಮ್ಮಪ್ಪಂದೂ ಅಲ್ಲ ಕಣೋ!" ಎಂದು ನಾನೂ ಕೂಗುತ್ತಿದ್ದೆ. ಒಂದು ದಿನ ಚೈನು ಕಿತ್ತುಹೋಗಿ ನಾನು ಅಳುತ್ತಾ ನಿಂತಿದ್ದಾಗ ಅದೇ ಬಸ್ಸು ನಿಂತಿತು. ಅದೇ ಕಂಡಕ್ಟರ್ ಬೈದುಕೊಂಡೇ ನನ್ನ ಸೈಕಲ್ಲನ್ನು ಬಸ್ಸಿನ ಮೇಲಕ್ಕೆ ಹಾಕಿದ. ಅಲ್ಲಿಯವರು ಒರಟರು ಹೌದು, ಆದರೆ ಅವರ ಕಣ್ಣಿಗೆ ನಾವು ಕಾಣುತ್ತಿದ್ದೆವು.

ಮದುವೆಯಾಗಿ ಹೆತ್ತೂರು ಕಡೆಗೆ ಬಂದೆ. ನಮ್ಮವರು ಒಂದು ಕಾಫಿ ಎಸ್ಟೇಟಿನಲ್ಲಿ ಪಂಪ್‌ಸೆಟ್ಟು, ಸ್ಪ್ರಿಂಕ್ಲರ್ ನೋಡಿಕೊಳ್ಳುತ್ತಿದ್ದರು. ಕೆಲಸದವರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ ನಮ್ಮ ಸಂಸಾರ. ಅವರದೊಂದು ಹಳೇ ಸೈಕಲ್, ನನ್ನದೊಂದು. ನಾನು ಬ್ಲೌಸ್ ಹೊಲಿದುಕೊಂಡು ಲೈನಿಂದ ಲೈನಿಗೆ ಹೋಗಿ ಕೊಟ್ಟುಬರುತ್ತಿದ್ದೆ. ಆ ರಸ್ತೆಗಳಲ್ಲಿ ಎರಡು ಗಾಡಿ ಎದುರುಬದುರಾದರೆ ಒಂದು ಚರಂಡಿಗಿಳಿಯಬೇಕು. ತಿರುವಿನಾಚೆ ಏನಿದೆ ಎಂದು ಕಾಣುವುದಿಲ್ಲ, ಮಳೆಗಾಲದಲ್ಲಂತೂ ಮಂಜಿನಲ್ಲಿ ನಮ್ಮ ಹ್ಯಾಂಡಲ್ ನಮಗೇ ಕಾಣದು. ಹಾಗಾಗಿ ಅಲ್ಲಿ ಒಂದು ಪದ್ಧತಿ. ಕಿರಿದಾದ ಸೇತುವೆಯಲ್ಲೋ ಏರಿನಲ್ಲೋ ಎದುರುಗಡೆಯಿಂದ ಯಾರಾದರೂ ಬರುತ್ತಿದ್ದರೆ ಜೀಪಿನವನು ನಿಂತುಕೊಂಡು ಹೆಡ್‌ಲೈಟನ್ನು ಒಂದೆರಡು ಸಲ ಹಾಕಿ ಆರಿಸುತ್ತಾನೆ. ಅದಕ್ಕೆ ಲೈಟ್ ಕೊಡುವುದು ಎನ್ನುತ್ತಾರೆ. ನಾನು ನಿಂತಿದ್ದೀನಿ, ನೀನು ಬಾ ಎಂದು ಅದರ ಅರ್ಥ. ಎದುರಿಗೆ ಲಾರಿಯೇ ಇರಲಿ, ಸೈಕಲ್ಲೇ ಇರಲಿ, ಪದ್ಧತಿ ಒಂದೇ. ಎಸ್ಟೇಟ್ ಸಾಹುಕಾರರ ಕಾರು ಕೂಡ ನನ್ನಂಥವಳಿಗೆ ಲೈಟ್ ಕೊಟ್ಟು ಕಾದದ್ದುಂಟು. ದಾಟುವಾಗ ನಾವು ಕೈ ಎತ್ತಬೇಕು. ಅದು ನಮ್ಮ ಕಡೆಯ ಥ್ಯಾಂಕ್ಸು.

ಮೊದಮೊದಲು ನನಗೆ ನಂಬಿಕೆಯೇ ಇರಲಿಲ್ಲ. ಲೈಟ್ ಕೊಟ್ಟರೂ ಇಳಿದು ನಿಂತುಬಿಡುತ್ತಿದ್ದೆ. ನಮ್ಮವರಿಗೆ ಇದರಿಂದ ಭಾರಿ ಸಂಕಟ.

"ಯಾಕೆ ಮಾರಾಯ್ತಿ ಹಂಗೆ ಕಂಬದಂಗೆ ನಿಂತ್ಕತ್ತೀಯ? ಅವ್ನು ಗಾಡಿ ನಿಲ್ಸಿ ಲೈಟ್ ಕೊಟ್ಟವ್ನೆ. ಕೊಟ್ಮೇಲೂ ಹೋಗ್ದಿದ್ರೆ ಅವ್ನಿಗೆ ಅವಮಾನ ಮಾಡ್ದಂಗೆ ಅಲ್ವೇನೆ? ಬೇಗ ದಾಟ್ಬುಡ್ಬೇಕು ಕಣೆ, ಕಾಯಿಸ್ಬಾರ್ದು."

ಅವರ ಸ್ವಭಾವವೇ ಅದು. ಯಾರಾದರೂ ಒಂದು ಲೋಟ ನೀರು ಕೊಟ್ಟರೂ ಲೋಟವನ್ನು ಬೇಗ ಹಿಂದಿರುಗಿಸಬೇಕೆಂದು ಗಟಗಟ ಕುಡಿದು ನೆತ್ತಿಗೆ ಹತ್ತಿಸಿಕೊಳ್ಳುವವರು. ನಾನು ಎಷ್ಟೋ ಸಲ ನಕ್ಕಿದ್ದೇನೆ.

ಆಮೇಲೆ ಹೋಂಸ್ಟೇ ಕಾರುಗಳು ಶುರುವಾದವು. ಶನಿವಾರ ಬಂತೆಂದರೆ ಸಾಲುಸಾಲು. ಅಬ್ಬಬ್ಬಾ, ಆ ಜನರನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ಪೂರ್ತಿ ರಸ್ತೆ ಅವರದು. ಒಳಗೆ ಡಬಡಬ ಹಾಡು. ಗುಂಡಿಯ ನೀರನ್ನು ಮೈಮೇಲೆ ಎರಚಿ ಹೋಗುವುದಲ್ಲದೆ, ಒದ್ದೆಯಾಗಿ ನಿಂತ ನನ್ನ ವಿಡಿಯೋ ಮಾಡಿಕೊಂಡು ನಕ್ಕವರೂ ಇದ್ದರು. "ಹಾಳಾಗೋಗ್ರೋ" ಎಂದು ನಾನು ಬಾಯಿ ತುಂಬ ಬೈಯುತ್ತಿದ್ದೆ. ನಮ್ಮವರು ಮಾತ್ರ, "ಅವ್ರಿಗೆ ನಮ್ ರೋಡ್ ಗೊತ್ತಿಲ್ಲ ಬುಡೆ. ಹೇಳ್ಕೊಟ್ರೆ ಕಲೀತಾರೆ" ಎನ್ನುತ್ತಿದ್ದರು. ಯಾರು ಹೇಳಿಕೊಡಬೇಕಿತ್ತೋ, ಯಾರು ಕಲಿಯಬೇಕಿತ್ತೋ.

ಕಡೆಗೆ ನಮ್ಮ ಎಸ್ಟೇಟೂ ಕೈ ಬದಲಾಯಿತು. ಹೊಸಬರಿಗೆ ಕಾಫಿಗಿಂತ ರೂಮುಗಳ ಮೇಲೆ ಮನಸ್ಸು. ಲೈನ್ ಮನೆಗಳನ್ನು ಕೆಡವುತ್ತೇವೆ, ಖಾಲಿ ಮಾಡಿ ಎಂದರು. ನಮ್ಮವರಿಗೆ ಆಲೂರು ಕಡೆ ಹೈವೇ ಪಕ್ಕದ ಒಂದು ಕಾಫಿ ಗೋಡೌನಿನಲ್ಲಿ ಕೆಲಸ ಸಿಕ್ಕಿತು. ರಸ್ತೆಯ ಈಚೆ ಬಾಡಿಗೆ ಮನೆ, ಆಚೆ ಗೋಡೌನು. ನಡುವೆ ಹೈವೇ. ಅಲ್ಲಿ ಬೈಯುವ ಕಂಡಕ್ಟರ್ ಇಲ್ಲ, ನಗುವ ಕಾರಿನವರೂ ಇಲ್ಲ. ಯಾರ ಮುಖವೂ ಕಾಣುವುದಿಲ್ಲ, ಬರೀ ಗಾಳಿ ಬಂದು ಸೆರಗು ಎಳೆದುಕೊಂಡು ಹೋಗುತ್ತದೆ. ನಾನು ಅಲ್ಲಿ ಸೈಕಲ್ ಮುಟ್ಟಲೇ ಇಲ್ಲ. "ನೀವೂ ನಡ್ಕಂಡೇ ದಾಟ್ರೀ" ಎಂದೆ. "ಸೈಕಲ್ ತಳ್ಕಂಡು ನಡೆಯೋಕೆ ನಂಗೇನು ವಯಸ್ಸಾಗೈತಾ?" ಎಂದು ನಗಾಡಿದರು.

ಕೆಲಸಕ್ಕೆ ಸೇರಿ ಇನ್ನೂ ತಿಂಗಳಾಗಿರಲಿಲ್ಲ. ಬೆಳಗ್ಗೆ ಜಡಿಮಳೆ ಹಿಡಿದಿತ್ತು, ಗಾಡಿಗಳೆಲ್ಲ ಲೈಟ್ ಹಾಕಿಕೊಂಡು ಓಡಾಡುತ್ತಿದ್ದವು. ನಾನು ಹಿಟ್ಟು ಕಲಸುತ್ತಿದ್ದೆ. ಮನೆ ಮಾಲೀಕರ ಹೆಂಡತಿ ಓಡಿಬಂದು, "ನಿಮ್ ಯಜಮಾನ್ರಿಗೆ ಪಿಕಪ್ ಹೊಡೆದ್ಬುಡ್ತಂತೆ ಕಣವ್ವಾ, ಹಾಸನಕ್ಕೆ ಹಾಕ್ಕಂಡು ಹೋಗವ್ರಂತೆ" ಎಂದಳು. ಹಿಟ್ಟಿನ ಕೈಯಲ್ಲೇ ಆಟೋ ಹತ್ತಿದೆ.

ಆಸ್ಪತ್ರೆಗೆ ಕರೆತಂದವನು ಗುದ್ದಿದ ಡ್ರೈವರೇ. ತರಕಾರಿ ಗಾಡಿಯವನು, ಬಯಲುಸೀಮೆ ಕಡೆಯ ಮನುಷ್ಯ. ಅವನ ಅಂಗಿಯ ತುಂಬ ನಮ್ಮವರ ರಕ್ತ. ಕಾಲರ್ ಹಿಡಿದು ಕೆನ್ನೆಗೆ ಬಾರಿಸಬೇಕೆಂದೇ ಹೋಗಿದ್ದೆ. ಅವನೇ ಕಾರಿಡಾರಿನಲ್ಲಿ ನನ್ನ ಕಾಲ ಬಳಿ ಕುಕ್ಕರಿಸಿಬಿಟ್ಟ.

"ಅಕ್ಕಾ, ನಾನು ಲೈಟ್ ಕೊಟ್ಟೆ ಅಕ್ಕಾ. ದೂರದಿಂದ್ಲೇ ಕೊಟ್ಟೆ, ಹತ್ರ ಬಂದ್ಮೇಲೆ ಇನ್ನೊಂದ್ಸಲ ಕೊಟ್ಟೆ. ಅವ್ರು ನಿಂತೇ ಇದ್ರು. ಲೈಟ್ ಕೊಟ್ಟ ತಕ್ಷಣ ಸೈಕಲ್ ಹತ್ತಿ ಬಂದೇಬಿಟ್ರು. ನನ್ ಕಡೆ ನೋಡಿ ಕೈ ಬೇರೆ ಎತ್ತಿದ್ರು ಅಕ್ಕಾ. ಯಾಕೆ ಕೈ ಎತ್ತಿದ್ರು?"

"ಲೈಟ್ ಯಾಕೆ ಕೊಟ್ಟೆ?" ಎಂದು ಕೇಳಿದೆ.

"ಸರಿಯೋ, ಬರ್ತಾ ಇದೀನಿ ಅಂತ. ಹೈವೇಲಿ ಲೈಟ್ ಕೊಟ್ರೆ ನಿಂತ್ಕೋ ಅಂತ ತಾನೇ?"

ನನಗೆ ಅದು ಗೊತ್ತಿರಲಿಲ್ಲ. ನಮ್ಮವರಿಗೂ ಗೊತ್ತಿರಲಿಲ್ಲ. ಅವನನ್ನು ಹೊಡೆಯಬೇಕೆಂದಿದ್ದ ಕೈಯಲ್ಲಿ ನನ್ನ ತಲೆಯನ್ನೇ ಚಚ್ಚಿಕೊಂಡೆ.

ನಮ್ಮವರಿಗೆ ಪ್ರಜ್ಞೆ ಇತ್ತು. ಎದೆಯ ಒಳಗೆಲ್ಲ ಪೆಟ್ಟಾಗಿದೆ, ಏನೂ ಹೇಳಲಾಗದು ಎಂದು ಡಾಕ್ಟರು ನನಗೆ ಮುಚ್ಚುಮರೆ ಇಲ್ಲದೆ ಹೇಳಿದ್ದರು. ಮಧ್ಯಾಹ್ನ ಪೊಲೀಸ್ ದಫೇದಾರರು ಬಂದು ಅವರ ಹೇಳಿಕೆ ಬರೆದುಕೊಂಡರು. ಒಳ್ಳೆಯ ಮನುಷ್ಯ. ಬರೆದಾದ ಮೇಲೆ ಸಹಿ ಹಾಕಿಸದೆ ನನ್ನನ್ನು ಹೊರಗೆ ಕರೆದರು.

"ನೋಡಮ್ಮ, ಅವನೂ ಲೈಟ್ ಕೊಟ್ಟೆ ಅಂತಾನೆ, ನಿಮ್ಮವರೂ ಲೈಟ್ ಕೊಟ್ಟ ಅಂತಾರೆ. ಇದು ಹೀಗೇ ಉಳಿದ್ರೆ ಅವನು ಎಚ್ಚರಿಕೆ ಕೊಟ್ಟಿದ್ದ, ಇವರು ನೋಡಿಯೂ ನುಗ್ಗಿದ್ರು ಅಂತಾಗುತ್ತೆ. ತಪ್ಪೆಲ್ಲ ಇವರ ತಲೆಗೇ ಬರುತ್ತೆ."

ನಾನು ನಮ್ಮ ಹೆತ್ತೂರು ಕಡೆಯ ಪದ್ಧತಿಯನ್ನೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು ನಿಟ್ಟುಸಿರು ಬಿಟ್ಟರು. "ಹಾಗಾದ್ರೆ ಒಳಗೆ ಹೋಗಿ ಅವರಿಗೆ ವಿಷಯ ತಿಳಿಸಿ. ಅವನು ದಾಟು ಅಂತ ಲೈಟ್ ಕೊಟ್ಟಿದ್ದಲ್ಲ, ನಾನು ತಪ್ಪು ತಿಳ್ಕೊಂಡೆ ಅಂತ ಅವರ ಬಾಯಲ್ಲೇ ಬರಲಿ. ಹಾಗೇ ಬರ್ಕೋತೀನಿ. ನೋಡಿಯೂ ನುಗ್ಗಿದ್ರು ಅನ್ನೋ ಮಾತಾದ್ರೂ ತಪ್ಪುತ್ತೆ."

ಹೇಳಿಬಿಡಬೇಕೆಂದೇ ಒಳಗೆ ಹೋದೆ. ಇಷ್ಟು ಒಳ್ಳೆಯವರ ಮೇಲೆ ಅಂಥ ಮಾತು ಬರಬಾರದು. ಅವರು ನನ್ನನ್ನು ಕಂಡು ಕಣ್ಣರಳಿಸಿದರು. ಮಾತು ಬಿಟ್ಟುಬಿಟ್ಟು ಬರುತ್ತಿತ್ತು.

"ಆ ಡ್ರೈವರ್‌ಗೆ... ಏನೂ ಆಗಿಲ್ವೇನೆ?"

"ಇಲ್ಲ. ಚೆನ್ನಾಗವ್ನೆ."

"ಪಾಪ ಕಣೆ. ಅಷ್ಟ್ ದೊಡ್ ರೋಡಲ್ಲಿ... ನಂಗೋಸ್ಕರ ಲೈಟ್ ಕೊಟ್ಟ. ದಿನಾ ಅರ್ಧರ್ಧ ಗಂಟೆ ನಿಲ್ತಿದ್ದೆ, ಒಬ್ನೂ ಕೊಟ್ಟಿರ್ಲಿಲ್ಲ. ಹೈವೇಲೂ ಒಳ್ಳೇರು ಅವ್ರೆ ನೋಡು. ಬ್ರೇಕ್ ಹಿಡೀಲಿಲ್ಲ ಅಂತ ಕಾಣ್ತದೆ. ಮಳೆ ಅಲ್ವಾ."

ದಿನಾ ಅಷ್ಟು ಹೊತ್ತು ನಿಲ್ಲುತ್ತಿದ್ದರು ಎನ್ನುವುದು ನನಗೆ ಗೊತ್ತೇ ಇರಲಿಲ್ಲ. ಮನೆಗೆ ಬಂದು ಒಂದು ದಿನವೂ ಬಾಯಿ ಬಿಟ್ಟವರಲ್ಲ.

"ಅವ್ನಿಗೆ ಬೈಬೇಡ ಕಣೆ. ನಿನ್ ಬಾಯಿ ನಂಗೊತ್ತು."

"ಬೈದಿಲ್ಲ" ಎಂದೆ.

ದಫೇದಾರರು ಬಾಗಿಲ ಬಳಿ ಬಂದು ನಿಂತಿದ್ದರು. "ಏನಮ್ಮಾ, ಬದಲಾಯಿಸೋದು ಏನಾದ್ರೂ ಇದೆಯಾ?" ಎಂದರು.

ನಮ್ಮವರು ನನ್ನ ಮುಖ ನೋಡಿದರು. ನಾನು ಹೊದಿಕೆಯನ್ನು ಅವರ ಎದೆಯವರೆಗೆ ಎಳೆದೆ.

"ಏನಿಲ್ಲ ಸಾರ್. ಬ್ರೇಕ್ ಹಿಡಿದಿಲ್ಲವಂತೆ, ಅಷ್ಟೇ. ಅವ್ರು ಹೇಳಿದ್ದು ಹಾಗೇ ಇರ್ಲಿ."

ದಫೇದಾರರು ಬರೆದ ಕಾಗದವನ್ನು ಮಂಚದ ಹತ್ತಿರ ತಂದರು. ನಮ್ಮವರ ಬಲಗೈಗೆ ಬ್ಯಾಂಡೇಜ್ ಸುತ್ತಿದ್ದರಿಂದ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡರು. ನಮ್ಮವರು ಅದೇ ಹೆಬ್ಬೆಟ್ಟನ್ನು ನನ್ನ ಸೆರಗಿಗೆ ಒರೆಸಿ, "ನಾಳೆ ಅವ್ನಿಗೆ ಒಂದು ಲೋಟ ಕಾಫಿ ಕೊಡ್ಸೆ" ಎಂದರು. ಬೆಳಗಾಗುವ ಮುಂಚೆ ಹೋಗಿಬಿಟ್ಟರು. ಶವ ಪಡೆಯಲು ಕಾಯುತ್ತಿದ್ದಾಗ ಡ್ರೈವರ್ ಗೇಟಿನ ಹೊರಗೆ ನಿಂತಿರುವುದು ಕಾಣಿಸಿತು. ಕ್ಯಾಂಟೀನಿಗೆ ಹೋಗಿ ಒಂದು ಲೋಟ ಕಾಫಿ ತಂದು ಅವನ ಕೈಗೆ ಕೊಟ್ಟೆ.