ಲೊವ್ರೆನ್ಸ್ ತಿನ್ನಬೇಕಿದ್ದ ಏಟು

ಬೋಹಿನ್ ಕಣಿವೆಯ ಜನ ತ್ರಿಗ್ಲಾವ್ ಬೆಟ್ಟಕ್ಕೆ ಹೊರಡುವ ಮುಂಚೆ ಲೊವ್ರೆನ್ಸ್ ಓದಾರ್ ಅವರ ಅಂಗಡಿಗೆ ಹೋಗುತ್ತಾರೆ. ಬೂಟಿಗೆ ಅಟ್ಟೆ ಹಾಕುತ್ತಲೇ ಅವರು ದಾರಿ ಹೇಳುತ್ತಾರೆ: ಯಾವ ತಿರುವಿನಲ್ಲಿ ಕಲ್ಲು ಸಡಿಲ, ತುದಿಯ ಹತ್ತಿರ ಗಾಳಿ ಯಾವ ಕಿವಿಗೆ ಬಡಿಯುತ್ತದೆ, ಕೈಹಿಡಿಗೆ ಹಾಕಿದ ಉಕ್ಕಿನ ತಂತಿ ಎಲ್ಲಿ ಅಲುಗಾಡುತ್ತದೆ. ಹೇಳಿದ್ದರಲ್ಲಿ ಒಂದೂ ತಪ್ಪಿರುವುದಿಲ್ಲ. ಆದರೆ ಅರವತ್ತೇಳರ ಲೊವ್ರೆನ್ಸ್ ಹೋದ ಆಗಸ್ಟಿನವರೆಗೆ ಆ ಬೆಟ್ಟವನ್ನು ಹತ್ತಿಯೇ ಇರಲಿಲ್ಲ.

ಸ್ಲೊವೇನಿಯಾದಲ್ಲಿ ಇದು ಸಣ್ಣ ಮಾತಲ್ಲ. ಇಲ್ಲಿ ಹುಟ್ಟಿದವರು ಒಮ್ಮೆಯಾದರೂ ತ್ರಿಗ್ಲಾವ್ ತುದಿ ಮುಟ್ಟಬೇಕು. ಮೊದಲ ಸಲ ಮುಟ್ಟಿದವರು ಅಲ್ಲೇ ಬಗ್ಗಿ ನಿಂತು ಹಿಂಭಾಗಕ್ಕೆ ಹಗ್ಗದೇಟು ತಿನ್ನಬೇಕು. ತಿನ್ನದೆ ಇಳಿದರೆ ಹತ್ತಿದ್ದು ಲೆಕ್ಕಕ್ಕಿಲ್ಲ. ಓದಾರ್ ಮನೆತನದಲ್ಲಿ ಇನ್ನೊಂದು ಕಟ್ಟುನಿಟ್ಟೂ ಇದೆ: ತಾನು ಏಟು ತಿಂದವನೇ ಇನ್ನೊಬ್ಬರಿಗೆ ಹೊಡೆಯಬೇಕು.

ಶಾಲೆಯವರು ಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ದ ವರ್ಷ ಲೊವ್ರೆನ್ಸ್ ಕಾಲಿಗೆ ಪ್ಲಾಸ್ಟರ್ ಹಾಕಿತ್ತು. ಕಾಲು ಕೂಡಿಕೊಳ್ಳುವಷ್ಟರಲ್ಲಿ, ಇವರೂ ಹೋಗಿದ್ದರೆಂದು ಊರು ನಂಬಿಬಿಟ್ಟಿತ್ತು. ಇವರು ಅಲ್ಲವೆನ್ನಲಿಲ್ಲ. ಆಮೇಲೆ ಅಂಗಡಿಗೆ ಬಂದವರ ಮಾತು ಕೇಳಿ ಕೇಳಿ ಬೆಟ್ಟ ಬಾಯಿಪಾಠವಾಯಿತು.

ಮೊಮ್ಮಗಳು ನೇಜಾ ಒಂದು ದಿನ ಅಂಗಡಿಗೆ ಬಂದು ಮೇಜಿನ ಮೇಲೆ ಕೂತಳು.

"ತಾತಾ, ಭಾನುವಾರ ತ್ರಿಗ್ಲಾವ್‌ಗೆ ಹೋಗ್ತಿದ್ದೀವಿ. ನಂಗೆ ಏಟು ನೀನೇ ಹಾಕ್ಬೇಕು."

"ನಿಮ್ಮಮ್ಮ ಇದ್ದಾಳಲ್ಲ."

"ಅಮ್ಮ ಹೊಡೆದ್ರೆ ಸೊಳ್ಳೆ ಓಡಿಸಿದ ಹಾಗಿರತ್ತೆ. ನಿಂದು ಬೂಟು ಹೊಲಿಯೋ ಕೈ."

"ಮಂಡಿ ನೋವು ಕಣೆ."

"ನಿನ್ನೆ ಮನೆ ಸೂರಿನ ಮೇಲೆ ಕೂತು ಹೆಂಚು ಜೋಡಿಸ್ತಿದ್ಯಲ್ಲ?"

ಭಾನುವಾರದೊಳಗೆ ಯಾರಿಗೂ ಗೊತ್ತಾಗದ ಹಾಗೆ ತುದಿಗೆ ಹೋಗಿ, ಗುರುತಿಲ್ಲದ ಯಾರಿಂದಲಾದರೂ ಏಟು ತಿಂದು ಬರುವುದೊಂದೇ ದಾರಿ. ಗುರುವಾರ ಬೆಳಿಗ್ಗೆ ಲೊವ್ರೆನ್ಸ್ ಹೆಂಡತಿ ಯುಸ್ತಿನಾಗೆ ಅಣಬೆ ಕೀಳಲು ಹೊರಟೆನೆಂದರು. ರಾತ್ರಿ ಕಾಡಂಚಿನ ಗೆಳೆಯನ ಮನೆಯಲ್ಲಿ ಉಳಿಯುತ್ತೇನೆಂದೂ ಸೇರಿಸಿದರು.

"ಅಣಬೆಗೆ ಹಗ್ಗ ಯಾಕ್ರೀ?"

"ದೊಡ್ಡದು ಸಿಕ್ಕಿದ್ರೆ?"

ಬೆಟ್ಟದ ತಂಗುಮನೆಯಲ್ಲಿ ಮಲಗುವಂತಿರಲಿಲ್ಲ. ಅದನ್ನು ನೋಡಿಕೊಳ್ಳುವವಳ ಬೂಟಿಗೆ ಅಟ್ಟೆ ಹಾಕಿದ್ದು ಇವರೇ. ಆದ್ದರಿಂದ ನೇಜಾ ಚಿಕ್ಕವಳಿದ್ದಾಗಿನ ಆಟದ ಡೇರೆಯನ್ನು ಚೀಲಕ್ಕೆ ತುರುಕಿಕೊಂಡಿದ್ದರು. ಅಲ್ಲಿ ಡೇರೆ ಹಾಕುವುದು ನಿಷಿದ್ಧ, ಮರೆಯಲ್ಲಿರಬೇಕು. ಕುಳ್ಳ ಪೈನ್ ಪೊದೆಗಳ ನಡುವೆ ಬಿಚ್ಚಿದಾಗ ಅದು ಕೆಂಪಗೆ, ಮೈತುಂಬ ಕಪ್ಪು ಚುಕ್ಕಿ ಹೊತ್ತು, ಹುಳುವಿನಂತೆ ಎರಡು ಮೀಸೆ ಎತ್ತಿ ನಿಂತಿತು. ಒಳಗೆ ಮಲಗಿದರೆ ಮೊಣಕಾಲಿನಿಂದ ಕೆಳಗೆ ಹೊರಗೆ. ರೊಟ್ಟಿ, ಹೊಗೆಯಾಡಿಸಿದ ಸಾಸೇಜು ತಿಂದು ಅಡ್ಡಾದರು. ಒಂದು ಕುರಿ ಬಂದು ಹೊರಗಿದ್ದ ಕಾಲಿನ ಬೆವರುಪ್ಪನ್ನು ಸಾವಕಾಶವಾಗಿ ನೆಕ್ಕತೊಡಗಿತು. ಕೂಗಿ ಓಡಿಸುವ ಹಾಗಿರಲಿಲ್ಲ.

ಪೊದೆಯ ಸಂದಿನಿಂದ ದಾರಿಯಲ್ಲಿ ಹೋಗುವವರ ಬೂಟುಗಳಷ್ಟೇ ಕಾಣುತ್ತಿದ್ದವು. ಯಾರೆಂದು ಗುರುತಿಸಲು ಲೊವ್ರೆನ್ಸ್‌ಗೆ ಅಷ್ಟು ಸಾಕಾಗಿತ್ತು. ಊರಿನ ಬ್ಯಾಂಡಿನ ತುತ್ತೂರಿಯವನು ಹೋದ. ಹಿಮ್ಮಡಿ ಸವೆಸುವ ಪಾದ್ರಿ ಹೋದರು. ಕೊನೆಗೆ, ಮನೆಮನೆಗೆ ಅಂಚೆ ಹಂಚುವ ತೋನ್ಚ್ಕಾ ಬಂದಳು. ಎಡಗಾಲಿನ ಲೇಸು ಬಿಚ್ಚಿಹೋಗಿತ್ತು. ಮುಂದೆ ಕಡಿದಾದ ಏರು.

"ಲೇಸು ಕಟ್ಕೊ," ಎಂದಿತು ಪೊದೆ.

"ಹೂಂ, ಲೊವ್ರೋ ಮಾವ," ಎಂದು ತೋನ್ಚ್ಕಾ ಬಗ್ಗಿ ಕಟ್ಟಿಕೊಂಡು ಮುಂದೆ ಹೋದಳು.

ಆಕೆ ಅಭ್ಯಾಸಬಲದಿಂದ ಹಾಗೆಂದಿರಬೇಕೆಂದು ಲೊವ್ರೆನ್ಸ್ ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಶುಕ್ರವಾರ ಬೆಳಿಗ್ಗೆ ತಂಗುಮನೆಯವರು ಏಳುವ ಮೊದಲೇ ಅದನ್ನು ದಾಟಿ ತುದಿ ತಲುಪಿದರು. ಗಾಳಿ ಅವರು ಹೇಳುತ್ತಿದ್ದ ಕಿವಿಗೇ ಬಡಿಯಿತು. ಅಲ್ಲಿರುವ ತಗಡಿನ ಸಣ್ಣ ಗೋಪುರಕ್ಕೆ ಒರಗಿ ಒಬ್ಬ ಯುವಕ ಕೂತಿದ್ದ. ಪೂರ್ವದ ಬಯಲುಸೀಮೆಯವನು, ಗುರುತಿಲ್ಲದವನು. ಲೊವ್ರೆನ್ಸ್ ಅವನ ಮುಂದೆ ಹಗ್ಗ ಹಿಡಿದರು. ಅವನು ಥಟ್ಟನೆ ಎದ್ದು, ತಿರುಗಿ, ಬಗ್ಗಿ ನಿಂತ.

"ಹೊಡೀರಿ ಅಜ್ಜ. ಯಾರಾದ್ರೂ ಬರ್ಲಿ ಅಂತಾನೇ ಕಾಯ್ತಿದ್ದೆ."

"ಏಳಪ್ಪ. ನಂದೂ ಮೊದಲನೇ ಸಲ. ಏಟು ತಿನ್ನದೋನು ಹೊಡೆಯೋ ಹಾಗಿಲ್ಲ."

"ಹಾಗಾದ್ರೆ ಎಲ್ರಿಗಿಂತ ಮೊದ್ಲು ಹೊಡೆದೋನಿಗೆ ಯಾರು ಹೊಡೆದ್ರು?"

ಇಬ್ಬರೂ ನಡುವೆ ಹಗ್ಗವಿಟ್ಟುಕೊಂಡು ಕೂತರು. ಅಷ್ಟರಲ್ಲಿ ಕೆಳಗಿನಿಂದ ತೋನ್ಚ್ಕಾಳ ಹಾಡು ಕೇಳಿತು. ಲೊವ್ರೆನ್ಸ್ ಗೋಪುರದೊಳಗೆ ನುಗ್ಗಿ ಬಾಗಿಲು ಎಳೆದುಕೊಂಡರು.

"ಇದ್ಯಾರದಪ್ಪ ಹಗ್ಗ?"

"ಒಳಗಿರೋ ಅಜ್ಜಂದು," ಎಂದ ಯುವಕ.

ತೋನ್ಚ್ಕಾ ತಗಡು ಬಡಿದಳು. "ಮಾವ, ಅಣಬೆಗೆ ಹೋಗಿದ್ದಾರೆ ಅಂದ್ರಲ್ಲ ಅತ್ತೆ, ಸಿಕ್ತಾ?"

ಹೊರಗೆ ಬಂದು ಲೊವ್ರೆನ್ಸ್ ಎಲ್ಲವನ್ನೂ ಹೇಳಿದರು. ಆಕೆ ಪೂರ್ತಿ ಕೇಳಿ ಹಗ್ಗ ಕೈಗೆತ್ತಿಕೊಂಡಳು.

"ಇಷ್ಟೇ ತಾನೇ? ಬಗ್ಗಿ."

ಬಗ್ಗಿದವರು ಅರ್ಧಕ್ಕೇ ನಿಂತರು. "ನಿಂಗೆ ಹೊಡೆದೋರು ಯಾರು?"

"ನಮ್ಮಪ್ಪ. ಹಗ್ಗ ಮರೆತು ಬಂದಿದ್ದ, ಬೆಲ್ಟ್ ಬಿಚ್ಚಿ ಬಾರಿಸಿದ."

"ಬೆಲ್ಟಾ? ಹಾಗಾದ್ರೆ ನಿಂದು ಲೆಕ್ಕಕ್ಕಿಲ್ಲ."

"ಲೆಕ್ಕಕ್ಕಿಲ್ದೋರು ಯಾರು ಅಂತ ಊರಲ್ಲೇ ಕೇಳೋಣ್ವಾ ಮಾವ?"

ಲೊವ್ರೆನ್ಸ್ ಹಾಗೇ ಬಗ್ಗಿ ನಿಂತು ಯೋಚಿಸಿದರು. ಬೆಲ್ಟಿನ ಏಟು ತಿಂದವಳು ಹಗ್ಗದ ಏಟು ಕೊಟ್ಟರೆ, ತನ್ನಲ್ಲಿ ಇಲ್ಲದ್ದನ್ನು ಕೊಟ್ಟಂತೆ. ಅದು ಸರಿಹೋಗದು. ನೆಟ್ಟಗಾಗಿ ತಮ್ಮ ಬೆಲ್ಟು ಬಿಚ್ಚಿ ಆಕೆಯ ಕೈಗಿಟ್ಟರು.

"ನಿಂಗೆ ಬಂದದ್ದನ್ನೇ ಕೊಡು ಮಾರಾಯ್ತಿ."

ತೋನ್ಚ್ಕಾ ಕೈ ಹಿಂದೆಗೆಯಲಿಲ್ಲ. ಅದೇ ಬೆಲ್ಟಿನಲ್ಲಿ ಯುವಕನಿಗೂ ಬಿತ್ತು. ಅವನು ಸಂತೋಷದಿಂದ ಗಸಗಸೆ ಹೂರಣದ ಕೇಕು ಬಿಚ್ಚಿ ಇಬ್ಬರಿಗೂ ಕೊಟ್ಟ. ಲೊವ್ರೆನ್ಸ್ ನಿಂತೇ ತಿಂದರು.

"ಊರಲ್ಲಿ ಬಾಯಿ ಬಿಡ್ಬೇಡ."

"ನಾನು ಅಂಚೆಯೋಳು ಮಾವ. ಕವರು ತಲುಪಿಸ್ತೀನಿ, ಒಡೆದು ಓದಲ್ಲ."

ಆಕೆ ಮಾತಿನಂತೆ ನಡೆದಳು. ಹಾಗಾಗಿ ಭಾನುವಾರ ತುದಿಯಲ್ಲಿ ನೇಜಾ ಬಗ್ಗಿ ನಿಂತಾಗ, ಲೊವ್ರೆನ್ಸ್ ಹಗ್ಗ ಹಿಡಿದು ಒಂದೇಟು ಹಾಕಿದ್ದರೆ ಮುಗಿಯುತ್ತಿತ್ತು. ಯಾರೂ ಏನೂ ಕೇಳುತ್ತಿರಲಿಲ್ಲ. ಮಗಳು, ನೇಜಾಳ ಅಮ್ಮ, ಹಗ್ಗ ಚಾಚಿದಳು. ಅವರು ಅದನ್ನು ಅತ್ತ ಸರಿಸಿ ಬೆಲ್ಟು ಬಿಚ್ಚಿದರು.

ನೇಜಾ ಕಾಲುಗಳ ನಡುವಿನಿಂದ ನೋಡಿದಳು. "ತಾತಾ, ಹಗ್ಗ ಅಲ್ವಾ?"

"ನಂಗೆ ಬೆಲ್ಟಲ್ಲಿ ಬಿದ್ದಿದ್ದು. ನಾನು ಅದನ್ನೇ ಕೊಡ್ಬೇಕು."

"ಯಾರು ಹೊಡೆದಿದ್ದು?"

"ಅಂಚೆ ತೋನ್ಚ್ಕಾ."

"ಅವಳು ನಿನಗಿಂತ ಚಿಕ್ಕೋಳಲ್ವಾ? ಯಾವಾಗ?"

ಲೊವ್ರೆನ್ಸ್ ಬೆಲ್ಟನ್ನು ಅಂಗೈಗೆ ಸುತ್ತಿಕೊಂಡರು. "ಮೊನ್ನೆ ಶುಕ್ರವಾರ."

ಮಗಳ ಕೈಯಿಂದ ಹಗ್ಗ ಜಾರಿತು. ಯುಸ್ತಿನಾ ಕೂಡ ಜೊತೆಗೆ ಹತ್ತಿ ಬಂದಿದ್ದರು. "ಅದಕ್ಕೇ ಒಂದು ಅಣಬೇನೂ ತರ್ಲಿಲ್ಲ," ಎಂದಷ್ಟೇ ಅಂದರು. ನೇಜಾ ಬಗ್ಗಿದ ಭಂಗಿಯಲ್ಲೇ ನಗತೊಡಗಿದಳು. ಬಹಳ ಹೊತ್ತು ನಕ್ಕಳು.

"ಹೊಡಿ ತಾತಾ," ಎಂದಳು ಕೊನೆಗೆ, "ನಿನ್ನ ಪ್ಯಾಂಟು ಬೀಳೋ ಮುಂಚೆ."

ಆ ದಿನದ ಫೋಟೊ ಅಂಗಡಿಯ ಗೋಡೆಯಲ್ಲಿದೆ. ಗೋಪುರದ ಮುಂದೆ ಎಲ್ಲರೂ ಎರಡೂ ಕೈ ಎತ್ತಿ ನಿಂತಿದ್ದಾರೆ, ಬೆಲ್ಟು ನೇಜಾಳ ಕೈಯಲ್ಲಿದೆ. ಲೊವ್ರೆನ್ಸ್ ಎತ್ತಿರುವುದು ಒಂದೇ ಕೈ.